ಹಿತ್ತಲ ಕೂರಿಗೆಯ ಮೌಲ್ಯನಿರ್ಣಯ: ಒಂದು ಪ್ರಾಥಮಿಕ ಜಿಜ್ಞಾಸೆ

ಕಡಲಿರುವ ದೇಶಗಳಲ್ಲಿ ತೆರೆಯ ಮೇಲೆ ನಿಂತು ಜಾರುವ ಸರ್ಫ್‌ಬೋರ್ಡ್ ಎಂಬ ಹಲಗೆಯ ಸುತ್ತ ಒಂದು ಶಾಸ್ತ್ರವೇ ಬೆಳೆದಿದೆ. ಯಾರದೋ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತ ಬಿದ್ದ ಹಲಗೆಯನ್ನು ಮಗುಚಿ ಹಾಕಿ, ಕೆತ್ತಿದವನ ಸಹಿ ಹುಡುಕಿ, ರೆಕ್ಕೆ ಎಷ್ಟು, ಒಡಕು ಎಲ್ಲಿ ಎಂದು ಸವರಿ ನೋಡಿ, ಕೈ ಹೆಸರಾಂತವರದ್ದಾದರೆ ಲಕ್ಷಗಟ್ಟಲೆ ಬೆಲೆ ಕಟ್ಟುವ ಪಂಡಿತರು ಅಲ್ಲಿದ್ದಾರೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಗೆ ಕಡಲಿಲ್ಲ. ಇರುವ ದೊಡ್ಡ ನೀರೆಂದರೆ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನಿಂತ ಮಲಪ್ರಭೆ. ಅಲ್ಲಿ ಏಳುವ ತೆರೆಯ ಮೇಲೆ ಎಮ್ಮೆಯೂ ಜಾರಲಾರದು. ಆದರೆ ಮರ ಕೆತ್ತುವ ಕೈಗೆ ಇಲ್ಲಿ ಬರವಿರಲಿಲ್ಲ. ಆ ಕೈ ಮಾಡಿದ, ಬೀಜ ಬಿತ್ತುವ ಕೂರಿಗೆಗಳು ಇಂದು ಗೋದಲಿಯ ಹಿಂದೆ, ಬಣವಿಯ ಬುಡದಲ್ಲಿ, ಹೀರೇಬಳ್ಳಿಗೆ ಚಪ್ಪರವಾಗಿ, ರಾತ್ರಿ ಕೋಳಿಗಳಿಗೆ ಮಂಚವಾಗಿ ಕಾಲ ಕಳೆಯುತ್ತಿವೆ. ಇವಕ್ಕೆ ಬೆಲೆ ಕಟ್ಟುವ ಶಾಸ್ತ್ರ ಇನ್ನೂ ಹುಟ್ಟಿಲ್ಲ. ಪ್ರಸ್ತುತ ಪ್ರಬಂಧ ಅದರ ಸೂಲಗಿತ್ತಿತನಕ್ಕೆ ಹೊರಟಿದೆ. ಇದರ ಸಿದ್ಧಾಂತ ಒಂದೇ: ಕೂರಿಗೆಯ ಬೆಲೆ ಕಟ್ಟಿಗೆಯಲ್ಲಿಲ್ಲ, ಬಡಿಗನ ಕೈಯಲ್ಲಿದೆ.

ಮೊದಲು ವಸ್ತುಸ್ವರೂಪ. ಅಡ್ಡಲಾಗಿ ಒಂದು ಜಾಲಿಯ ದಿಂಡು. ಅದಕ್ಕೆ ನೆಟ್ಟ ಮೂರೋ ನಾಲ್ಕೋ ತಾಳು. ತಾಳಿಗೊಂದರಂತೆ ಕಾಳು ಇಳಿಯುವ ಬಿದಿರಿನ ಕೊಳವೆ, ಅದೇ ಸೆಡ್ಡಿ. ಸೆಡ್ಡಿಗಳೆಲ್ಲ ಮೇಲೆ ಬಂದು ಕೂಡುವಲ್ಲಿ, ತಳಕ್ಕೆ ಅಷ್ಟೇ ತೂತು ಕೊರೆದ ಮರದ ಬಟ್ಟಲು. ಮುಂದೆ ನೊಗದವರೆಗೆ ಚಾಚಿದ ಈಸು, ಹಿಂದೆ ಹಿಡಿಯಲು ಮೇಳಿ. ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಹಲಗೆಗೆ ಮೂರು ರೆಕ್ಕೆ ಹಚ್ಚಿ 1981ರಲ್ಲಿ ಬೆಲ್ಸ್ ಬೀಚಿನ ಸ್ಪರ್ಧೆ ಗೆದ್ದಾಗ ಸರ್ಫಿಂಗ್ ಲೋಕ ಅದನ್ನು ಕ್ರಾಂತಿ ಎಂದಿತು. ಮೂರು ತಾಳಿನ ಕೂರಿಗೆ ಅದಕ್ಕೂ ಎಷ್ಟೋ ತಲೆಮಾರು ಮೊದಲೇ ಎರೆಯಲ್ಲಿ ಸಾಲು ಹಾಕುತ್ತಿತ್ತು. ಯಾವ ಬಡಿಗನೂ ಕ್ರಾಂತಿ ಮಾಡಿದೆನೆಂದು ಹೇಳಿಕೊಳ್ಳಲಿಲ್ಲ. ಕ್ಯಾಪ್ಟನ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ 1795ರಲ್ಲಿ ದಕ್ಷಿಣ ಭಾರತದ ಕೂರಿಗೆಯ ಬಗ್ಗೆ ಬರೆದದ್ದನ್ನು ಇತಿಹಾಸಕಾರ ಧರಂಪಾಲರು 1971ರ ತಮ್ಮ ಗ್ರಂಥದಲ್ಲಿ ಸೇರಿಸಿದ್ದಾರೆ. ಕೂರಿಗೆ ಯುರೋಪಿನ ಹೊಸ ಶೋಧವೆಂದು ನಂಬಿದ್ದ ಪುಣ್ಯಾತ್ಮ ಹಾಲ್ಕಾಟ್ ಇಲ್ಲಿಯ ರೈತರು ಅದನ್ನು ಹೊಡೆಯುವುದನ್ನು ನೋಡಿ ಅಭಿಪ್ರಾಯ ತಿದ್ದಿಕೊಂಡ. ತಿದ್ದಿಕೊಳ್ಳಬೇಕಾದವರು ಈಗ ನಾವು, ಯಾಕೆಂದರೆ ಕೋಳಿಗಳು ನಮ್ಮವು.

ಮುಖ್ಯ ತೊಡಕು ಸಹಿಯದು. ಬೆಳಗಾವಿಯಲ್ಲಿ ಉದ್ಯೋಗ ಶುರುಮಾಡಿ 1910ರಲ್ಲಿ ಕಿರ್ಲೋಸ್ಕರವಾಡಿಗೆ ಹೋದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಬ್ಬಿಣದ ನೇಗಿಲನ್ನು ಜನ ಮಾಡಿದವರ ಹೆಸರಿನಿಂದಲೇ ಕರೆದರು. ಬಡಿಗನ ಕೂರಿಗೆಯ ಮೇಲೆ ಮಾತ್ರ ಹೆಸರಿಲ್ಲ, ಇಸವಿ ಇಲ್ಲ. ಬಾಚಿಯ ಏಟಿನ ಗುರುತುಗಳು ಮಾತ್ರ ಇವೆ, ಅವನ್ನೂ ಎತ್ತಿನ ಬಾಲ ಮತ್ತು ಮಳೆ ಸೇರಿ ಅರ್ಧ ಅಳಿಸಿವೆ. ಹಾಗಾದರೆ ಕೈಯನ್ನು ಗುರುತಿಸುವುದು ಹೇಗೆ? ಈ ಸಹಿ ಮರದ ಮೇಲಲ್ಲ, ಹೊಲದ ಮೇಲೆ ಬೀಳುತ್ತದೆ ಎಂಬುದು ನಮ್ಮ ವಾದ. ಬಟ್ಟಲಿನ ಒಂದು ತೂತು ಕೂದಲೆಳೆಯಷ್ಟು ಓರೆಯಾದರೂ ಒಂದು ಸಾಲು ದಟ್ಟ, ಪಕ್ಕದ ಸಾಲು ತೆಳು. ತಾಳಿನ ಅಂತರ ತಪ್ಪಿದರೆ ಎಡೆಕುಂಟೆ ಹೊಡೆಯುವಾಗ ಕಸದ ಜೊತೆ ಬೆಳೆಯೂ ಕಿತ್ತುಬರುತ್ತದೆ. ಬಿತ್ತಿ ಎಂಟು ದಿನಕ್ಕೆ ಬಡಿಗನ ಸಹಿ ಹಸಿರಾಗಿ ಮೂಡುತ್ತದೆ, ದಾರಿಹೋಕರೆಲ್ಲ ಅದನ್ನು ಓದುತ್ತಾರೆ, ಓದಿದ್ದನ್ನು ಸಂಜೆ ಕಟ್ಟೆಯ ಮೇಲೆ ಕುಳಿತು ಗಟ್ಟಿಯಾಗಿ ಹೇಳುತ್ತಾರೆ. ಇಷ್ಟು ಕಟುವಾದ ವಿಮರ್ಶೆ ಯಾವ ಕಲಾಶಾಲೆಯಲ್ಲೂ ಇಲ್ಲ. ಇಲ್ಲಿ ಒಂದು ಗಂಭೀರ ಆಕ್ಷೇಪವುಂಟು: ಸಾಲು ಸಮನಾಗಿ ಬಂದದ್ದಕ್ಕೆ ಬಡಿಗನ ತೂತು ಕಾರಣವೋ, ಕೂರಿಗೆಯ ಹಿಂದೆ ನಡೆಯುತ್ತ ಉಡಿಯಿಂದ ಕಾಳು ತೆಗೆದು ಬೆರಳಸಂದಿಯಿಂದ ಬಟ್ಟಲಿಗೆ ಬಿಡುತ್ತಿದ್ದ ಹೆಣ್ಣುಮಗಳ ಕೈ ಕಾರಣವೋ? ಆಕ್ಷೇಪ ನಿಜ. ಒಳ್ಳೆಯ ಕೈಯವಳು ಕೆಟ್ಟ ಬಟ್ಟಲಿನ ಮಾನ ಉಳಿಸಿದ ಸಂದರ್ಭಗಳೂ ಇದ್ದಿರಬೇಕು. ಆದ್ದರಿಂದ ಪ್ರತಿ ಕೂರಿಗೆಯನ್ನೂ ಇಬ್ಬರ ಕೃತಿಯೆಂದು ನಮೂದಿಸತಕ್ಕದ್ದು. ಎರಡನೆಯ ಹೆಸರನ್ನು ಈವರೆಗೆ ಯಾರೂ ಕೇಳಿಲ್ಲ ಎಂಬುದನ್ನೂ ಅಲ್ಲಿಯೇ ಬರೆಯತಕ್ಕದ್ದು.

ಇನ್ನು ಪೂರ್ವಪಕ್ಷ. ಗುಜರಿ ಪಂಥದವರು ತಾಳಿನ ತುದಿಯ ಕಬ್ಬಿಣವನ್ನಷ್ಟೇ ತಕ್ಕಡಿಗೆ ಹಾಕುತ್ತಾರೆ, ಒಲೆ ಪಂಥದವರು ಉಳಿದದ್ದನ್ನು. ಹೋಟೆಲ್ ಪಂಥದವರು ವಾರ್ನಿಷ್ ಬಳಿದು ಗೋಡೆಗೆ ತಲೆಕೆಳಗಾಗಿ ನೇತುಹಾಕುತ್ತಾರೆ. ಇವರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಹೆಚ್ಚು ವಿಚಾರವಂತರು ಮಾತ್ರ “ಮಾಡಿಸಿದಾಗಿನ ರೊಕ್ಕ ಹೇಳಿ, ಈಗಿನ ಲೆಕ್ಕಕ್ಕೆ ಹಚ್ಚೋಣ” ಎನ್ನುತ್ತಾರೆ. ಇವರು ಆಯ ಪದ್ಧತಿಯನ್ನು ಮರೆತಿದ್ದಾರೆ. ಬಡಿಗನಿಗೆ ಕೂರಿಗೆಯ ಬೆಲೆಯೆಂದು ಯಾರೂ ರೊಕ್ಕ ಎಣಿಸುತ್ತಿರಲಿಲ್ಲ. ವರ್ಷವಿಡೀ ಮಾಡಿದ್ದಕ್ಕೆ, ರಿಪೇರಿಗೆ, ಬಿತ್ತಿಗೆಯ ಮುನ್ನಾದಿನ ರಾತ್ರಿ ಎಬ್ಬಿಸಿದ್ದಕ್ಕೆ ಎಲ್ಲ ಸೇರಿಸಿ ಸುಗ್ಗಿಯಲ್ಲಿ ಕಣದಿಂದ ಕಾಳು ಒಯ್ಯುತ್ತಿದ್ದ. ಅಂದರೆ ಕೂರಿಗೆ ಎಂದೂ ಮಾರಾಟವಾದ ವಸ್ತುವೇ ಅಲ್ಲ. ಅದು ಕಂತು ಮುಗಿಯದ, ಗ್ಯಾರಂಟಿ ತೀರದ ಸಂಬಂಧ. ತರ್ಕಕ್ಕೆ ಬದ್ಧರಾದರೆ ಹಿತ್ತಲಲ್ಲಿ ಕೂರಿಗೆ ಇಟ್ಟುಕೊಂಡವರು ಆ ಬಡಿಗರ ಮೊಮ್ಮಕ್ಕಳಿಗೆ ಈವರೆಗಿನ ಆಯ ಬಾಕಿ ಕೊಡಬೇಕಾಗುತ್ತದೆ. ಈ ತರ್ಕವನ್ನು ನಾವು ಇಲ್ಲಿಗೇ ನಿಲ್ಲಿಸುತ್ತೇವೆ.

ಮಾರುಕಟ್ಟೆಯ ವರ್ತನೆಯಾದರೋ ಒಂದೇ ನಿಯಮಕ್ಕೆ ಬದ್ಧ: ಕೇಳುವವರೆಗೆ ಕಟ್ಟಿಗೆ, ಕೇಳಿದೊಡನೆ ಮುತ್ಯಾನ ಆಸ್ತಿ. ಸುಮ್ಮನೆ ನೋಡುತ್ತ ನಿಂತವನಿಗೆ ಸಿಗುವ ಉತ್ತರ, “ಅದನೇನ ನೋಡ್ತೀರಿ, ಒಲಿಗೆ ಹಾಕಬೇಕಂತ ಇಟ್ಟೇವಿ.” ಎಷ್ಟಕ್ಕೆ ಕೊಡುತ್ತೀರಿ ಎಂದ ಮರುಗಳಿಗೆ, “ನಮ್ಮ ಮುತ್ಯಾ ಮಾಡಿಸಿದ್ದರಿ ಅದು. ಅಂಥಾ ಬಡಿಗ್ಯಾ ಈಗ ಎಲ್ಲಿ ಹುಟ್ಟಬೇಕು?” ಇದನ್ನು ಆಸೆಬುರುಕತನವೆಂದು ತಳ್ಳಿಹಾಕುವವರಿದ್ದಾರೆ. ಹಾಗಲ್ಲ. ಬಡಿಗನ ಹೆಸರು, ಊರು, ಅವನ ಬಾಚಿಯ ಹದ, ಜಾಲಿ ಕಡಿದ ಬದು, ಇವೆಲ್ಲ ಹೊರಬರುವುದು ಬೆಲೆ ಕೇಳಿದಾಗಲೇ. ಕಿತ್ತೂರಿನ ಕೋಟೆಗೆ ಇತಿಹಾಸ ಹೇಳುವ ಫಲಕವಿದೆ, ಚಕ್ಕಡಿಗೆ ಯಲ್ಲಮ್ಮನ ಗುಡ್ಡದ ದಾರಿಯ ಕೀರ್ತಿಯಿದೆ. ಕೂರಿಗೆಯ ಚರಿತ್ರೆಯನ್ನು ಬಾಯಿಬಿಡಿಸಲು ಗಿರಾಕಿಯ ವೇಷವೇ ಬೇಕು.

ಕೊನೆಯದಾಗಿ ಅಂಕಿಯ ಪ್ರಶ್ನೆ. ಈ ಸೀಮೆಯಲ್ಲಿ ಕೂರಿಗೆ ಎಂದರೆ ಉಪಕರಣವೂ ಹೌದು, ಹೊಲದ ಅಳತೆಯೂ ಹೌದು: ಒಂದು ಕೂರಿಗೆ ದಿನಕ್ಕೆ ಬಿತ್ತುವಷ್ಟು ಭೂಮಿ, ಸುಮಾರು 4 ಎಕರೆ. ಇಷ್ಟು ಸ್ಪಷ್ಟವಾದ ಸಮೀಕರಣವನ್ನು ಭಾಷೆಯೇ ಮಾಡಿಟ್ಟಿರುವಾಗ ವಿದ್ವಾಂಸರು ಬೇರೆ ಸೂತ್ರ ಹುಡುಕುವುದು ವ್ಯರ್ಥ. ಒಂದು ಕೂರಿಗೆಯ ಬೆಲೆ ಒಂದು ಕೂರಿಗೆ, ಅರ್ಥಾತ್ ಮಲಪ್ರಭೆಯ ಕಾಲುವೆಗೆ ಹತ್ತಿದ 4 ಎಕರೆ ಎರೆ. ನೋಂದಣಿ ಕಚೇರಿಯವರು ಒಪ್ಪಲಾರರು ಎಂಬ ಆಕ್ಷೇಪವಿದೆ. ಅದು ವ್ಯಾಕರಣದ ಮುಂದೆ ನಿಲ್ಲದು. ನಿಲ್ಲುವ ಆಕ್ಷೇಪ ಬೇರೆ. ಬಿಡಿಭಾಗವೆಲ್ಲ ಇದ್ದರಷ್ಟೇ ಪೂರ್ತಿ ಬೆಲೆ ಎಂಬುದು ಸರ್ಫ್‌ಬೋರ್ಡ್ ಶಾಸ್ತ್ರದಲ್ಲೂ ಸರ್ವಸಮ್ಮತ. ಹಿತ್ತಲ ಕೂರಿಗೆಯಲ್ಲಿ ದಿಂಡು ಸಿಗುತ್ತದೆ, ತಾಳು ಸಿಗುತ್ತವೆ, ಬಟ್ಟಲು ಹುಡುಗರ ಆಟಿಕೆಯ ರಾಶಿಯಲ್ಲಿ ಸಿಗುತ್ತದೆ, ಎರಡು ಸೆಡ್ಡಿ ಸೂರಿನಲ್ಲಿ ಸಿಗುತ್ತವೆ. ಮೂರನೆಯದು ಅಡುಗೆಮನೆಯಲ್ಲಿ ಊದುಗೊಳವೆಯಾಗಿರುತ್ತದೆ. ಗ್ಯಾಸ್ ಬಂದರೂ ರೊಟ್ಟಿಗೆ ಕಟ್ಟಿಗೆಯ ಒಲೆಯೇ ಆಗಬೇಕಾದ್ದರಿಂದ, ರೊಟ್ಟಿ ಬಡಿಯುವ ಕೈ ಅದನ್ನು 4 ಎಕರೆಗೂ ಬಿಟ್ಟುಕೊಡುವುದಿಲ್ಲ.