ಡೆಕ್ಕನ್ ಕ್ವೀನ್ ಓಡಿಸಿದ ಸಾಹೇಬರಿಗೊಂದು ಬಹಿರಂಗ ಪತ್ರ

ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಅಂದಿನ ಸಾಹೇಬರಿಗೆ,

1930ರ ಜೂನ್ 1ರಂದು ತಾವು ಮುಂಬಯಿ-ಪುಣೆ ನಡುವೆ ಡೆಕ್ಕನ್ ಕ್ವೀನ್ ಓಡಿಸಿದಿರಿ. ಏಳೇಳು ಬೋಗಿಗಳ ಎರಡು ರೇಕು. ಒಂದಕ್ಕೆ ಬೆಳ್ಳಿ ಬಣ್ಣ, ಕಡುಗೆಂಪು ಅಂಚು. ಇನ್ನೊಂದಕ್ಕೆ ಕಡುನೀಲಿ, ಚಿನ್ನದ ಗೆರೆ. ಮದುವೆ ಸೀರೆ ಆರಿಸುವವರಿಗೂ ಇಷ್ಟು ತಾಳ್ಮೆ ಇರಲಾರದು. ಬೋರ್ ಘಾಟಿ ಹತ್ತುವಾಗ ಬಿಳಿ ಅಂಗಿಗೆ ಮಸಿ ತಾಗದಿರಲೆಂಬಂತೆ ವಿದ್ಯುತ್ ಎಂಜಿನ್ ಬೇರೆ.

ಇಷ್ಟೆಲ್ಲ ನೆನಪಿಟ್ಟ ತಾವು ಮೂರನೇ ದರ್ಜೆಯೊಂದನ್ನು ಮರೆತಿರಿ. ಇರಲಿ, ಮರೆವು ದೊಡ್ಡವರ ಲಕ್ಷಣ. ದೇಶದ ಅತಿ ಪ್ರಸಿದ್ಧ ಮೂರನೇ ದರ್ಜೆ ಪ್ರಯಾಣಿಕರಾದ ಗಾಂಧೀಜಿಯವರನ್ನು ಅದರ ಹಿಂದಿನ ತಿಂಗಳಷ್ಟೇ ನಿಮ್ಮ ಸರ್ಕಾರ ಪುಣೆಯ ಯೆರವಡಾ ಜೈಲಿಗೆ ಸೇರಿಸಿತ್ತು. ಟಿಕೆಟ್ ಕೇಳಿ ತೊಂದರೆ ಕೊಡಲು ಅವರಂತೂ ಬರುವಂತಿರಲಿಲ್ಲ.

ತಾವು ಹೊರಟ ಮೇಲಿನ ವರದಿ ಒಪ್ಪಿಸುತ್ತೇನೆ. 1949ರ ಜನವರಿ 1ರಂದು ಮೊದಲ ದರ್ಜೆ ರದ್ದಾಯಿತು. ಎರಡನೆಯದಕ್ಕೆ ಬಡ್ತಿ ಸಿಕ್ಕಿ ಅದೇ ಮೊದಲನೆಯದಾಯಿತು. ಮೂರನೆಯದಕ್ಕೆ ಬಾಗಿಲು ತೆರೆದದ್ದು 1955ರ ಜೂನ್‌ನಲ್ಲಿ. ಸ್ವರಾಜ್ಯ ಬೇಗ ಬಂತು, ಸೀಟು ಬರುವುದು ತಡವಾಯಿತು.

ಆಮೇಲೆ ರಾಣಿಯ ಮರ್ಯಾದೆ ಹೋಯಿತೇ ಎಂದು ಕೇಳುತ್ತೀರಿ. ಕ್ಷಮಿಸಿ, ಹೋಗಲಿಲ್ಲ. ಬೆಳಿಗ್ಗೆ 7.15ಕ್ಕೆ ಪುಣೆ ಬಿಟ್ಟು, ಮುಂಬಯಿಯಲ್ಲಿ ದುಡಿದು, ಸಂಜೆ 5.10ಕ್ಕೆ ಮತ್ತೆ ಹತ್ತುವ ಪಾಸಿನವರೇ ಅದರ ಒಡೆಯರಾದರು. ಡೈನಿಂಗ್ ಕಾರಿನಲ್ಲಿ ಆಮ್ಲೆಟ್, ಚೀಸ್ ಟೋಸ್ಟ್ ತರಿಸಿಕೊಂಡು ಲೋನಾವಳ ದಾಟುವವರು ಅವರು. ಪ್ರತಿ ಜೂನ್ 1ರಂದು ಪುಣೆ ನಿಲ್ದಾಣದಲ್ಲಿ ಎಂಜಿನ್‌ಗೆ ಹೂಮಾಲೆ ಹಾಕಿ ಕೇಕ್ ಕತ್ತರಿಸುವವರೂ ಅವರೇ. 2022ರಲ್ಲಿ ಹೊಸ ಎಲ್‌ಎಚ್‌ಬಿ ಬೋಗಿಗಳು ಬಂದಾಗಲೂ ಡೈನಿಂಗ್ ಕಾರು ಉಳಿಯಿತು.

ಲೆಕ್ಕ ಹಾಕಿ ನೋಡಿ: ತಮ್ಮ ಮೊದಲ ದರ್ಜೆ ಹತ್ತೊಂಬತ್ತು ವರ್ಷವೂ ಬಾಳಲಿಲ್ಲ. ತಾವು ಹೊರಗಿಟ್ಟವರು ಎಪ್ಪತ್ತು ವರ್ಷದಿಂದ ಈ ರೈಲನ್ನು ಸಾಕುತ್ತಿದ್ದಾರೆ.

ಆದರೂ ತಾವು ಹಾಕಿಕೊಟ್ಟ ಪರಂಪರೆಗೆ ಕುಂದಿಲ್ಲ. ಇಂದಿನ ವಂದೇ ಭಾರತ್‌ನಲ್ಲೂ ಸಾಮಾನ್ಯ ಬೋಗಿ ಇಲ್ಲ. ಹೊಸ ರೈಲುಗಳ ನಕ್ಷೆ ಬಿಡಿಸುತ್ತಿರುವ ತಮ್ಮ ಉತ್ತರಾಧಿಕಾರಿಗಳಲ್ಲಿ ನನ್ನ ಅರಿಕೆ ಇಷ್ಟೆ: ನಮ್ಮನ್ನು ಇನ್ನೊಮ್ಮೆ ಇಪ್ಪತ್ತೈದು ವರ್ಷ ಕಾಯಿಸಬೇಡಿ, ಮೊದಲ ದಿನವೇ ಒಂದೆರಡು ಸಾಮಾನ್ಯ ಬೋಗಿ ಜೋಡಿಸಿಬಿಡಿ.

ಇಂತಿ ತಮ್ಮ ವಿಧೇಯ,
ಮೂರನೇ ದರ್ಜೆಯವರ ಮೊಮ್ಮಗ