ಒಂದು ಹಲ್ಲಿನ ಲೆಕ್ಕ

ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ‘ಡ್ರೈವರ್’ ಎಂದರೆ ಬಂಡಿ ಓಡಿಸುವವನಲ್ಲ. ಮುಂಭಾಗದಲ್ಲಿ ಅಡ್ಡಡ್ಡ ಮಲಗಿರುವ ಷಾಫ್ಟಿನ ಮೇಲೆ ಕೂತು, ರಬ್ಬರಿನ ಟ್ರ್ಯಾಕನ್ನು ಎಳೆದು ತಿರುಗಿಸುವ ಪ್ಲಾಸ್ಟಿಕ್ ಹಲ್ಲುಚಕ್ರಕ್ಕೆ ಆ ಹೆಸರು. ಹ್ಯಾಂಡಲ್ ಹಿಡಿದು ಮೇಲೆ ಕೂತವನು ಬರೀ ಸವಾರ. ಹೀಗಾಗಿ ಮಿನ್ನೆಸೋಟದ ಗೃಹಸ್ಥನೊಬ್ಬ ‘ಈ ಸಲ ಚಳಿಗಾಲಕ್ಕೆ ಮುಂಚೆ ಡ್ರೈವರನ್ನು ಬದಲಾಯಿಸಿಬಿಟ್ಟೆ’ ಎಂದರೆ ಯಾವನೋ ಬಡಪಾಯಿಯ ಹೊಟ್ಟೆಯ ಮೇಲೆ ಹೊಡೆದನೆಂದು ಮರುಗಬೇಕಾಗಿಲ್ಲ. ಮರುಗಬೇಕಾದದ್ದು ಆ ಗೃಹಸ್ಥನಿಗಾಗಿಯೇ. ಮೊದಲ ಹಿಮ ಬಿದ್ದ ದಿನ ಬಂಡಿ ಹೊರತೆಗೆದರೆ ಅದರ ಹೊಟ್ಟೆಯೊಳಗಿಂದ ಪರಪರ ಸದ್ದು ಬರುತ್ತದೆ. ಟ್ರ್ಯಾಕ್ ಎಲ್ಲಿಯೋ ಉಜ್ಜುತ್ತಿದೆ.

ಗುಲ್ಮಾರ್ಗಿನ ಪ್ರವಾಸದಲ್ಲಿ ಗೈಡಿನ ಸೊಂಟ ಹಿಡಿದು ಕಣ್ಣುಮುಚ್ಚಿ ಒಂದು ಸುತ್ತು ಹಾಕಿದ ಕನ್ನಡಿಗರು ಈ ಬಂಡಿಯನ್ನು ಕಂಡಿರುತ್ತಾರೆ. ಅದರ ಹೊಟ್ಟೆಯನ್ನು ಕಂಡಿರಲಾರರು. ಮುಂದೆ ಎರಡು ಸ್ಕೀ, ಹಿಂದೆ ಟ್ರ್ಯಾಕ್ ಎಂಬ ಅಗಲವಾದ ಒಂದು ರಬ್ಬರ್ ಪಟ್ಟಿ. ಅಕ್ಕಿ ಗಿರಣಿಯ ಬೆಲ್ಟಿನಂತೆ ಅದಕ್ಕೆ ತುದಿಯಿಲ್ಲ, ಬುಡವಿಲ್ಲ. ಸಾಮಾನ್ಯ ಬಂಡಿಯಲ್ಲಿ ಪಟ್ಟಿಯ ಅಗಲ 15 ಅಂಗುಲ. ಹೊರಮೈಯಲ್ಲಿ ಹಿಮವನ್ನು ಬಗೆಯಲು ಲಗ್ ಎಂಬ ರಬ್ಬರಿನ ದಿಂಡುಗಳಿರುತ್ತವೆ. ಗಟ್ಟಿ ದಾರಿಯಲ್ಲಿ ಓಡುವ ಬಂಡಿಗೆ ಒಂದೂಕಾಲು ಅಂಗುಲ ಎತ್ತರದವು, ಬೆಟ್ಟದ ಪುಡಿಹಿಮಕ್ಕೆ ಮೂರು ಅಂಗುಲದವರೆಗಿನವು. ಪಟ್ಟಿ ಅಡ್ಡಕ್ಕೆ ಮಡಚದಂತೆ ಒಳಗೆ ಫೈಬರ್‌ಗ್ಲಾಸ್ ಕಡ್ಡಿಗಳಿವೆ. ಒಂದು ಕಡ್ಡಿಯಿಂದ ಇನ್ನೊಂದಕ್ಕಿರುವ ದೂರವೇ ‘ಪಿಚ್’: 2.52 ಅಂಗುಲ, 2.86 ಅಂಗುಲ, 3 ಅಂಗುಲ, ಹೀಗೆ. ಇಷ್ಟೆಲ್ಲ ತಿರುಗುವುದು ಸೀಟಿನ ಕೆಳಗೆ ಕವುಚಿಟ್ಟ ತೊಟ್ಟಿಯಂಥ ಅಲ್ಯೂಮಿನಿಯಂ ಮಾಡಿನೊಳಗೆ. ಅದಕ್ಕೆ ಟನಲ್ ಎಂದು ಹೆಸರು. ಹೆಸರು ಕೇಳಿ ರೈಲು ಹೋಗುವಷ್ಟು ಜಾಗವಿದೆಯೆಂದು ಭಾವಿಸಬಾರದು. ಎಷ್ಟೋ ಕಡೆ ಹೆಬ್ಬೆರಳು ತೂರಿಸಿದರೆ ತೆಗೆಯುವುದು ಕಷ್ಟ.

ಈ ಹಲ್ಲುಚಕ್ರ ಹಿಮಬಂಡಿಯ ಮೂಲಪುರುಷ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನ ಮೆಕ್ಯಾನಿಕ್ ಜೋಸೆಫ್-ಅರ್ಮಾನ್ ಬೊಂಬಾರ್ಡಿಯೆ 1937ರಲ್ಲಿ ಪೇಟೆಂಟ್ ಪಡೆದದ್ದು ಎಂಜಿನ್ನಿಗಲ್ಲ, ಸ್ಕೀಗಲ್ಲ. ರಬ್ಬರ್ ಹೊದಿಸಿದ ಹಲ್ಲುಚಕ್ರ ಮತ್ತು ಅದು ಎಳೆಯುವ ಟ್ರ್ಯಾಕಿಗೆ. ಏಳು ಜನ ಕೂರುವ ಅವನ ಹಿಮಗಾಡಿ ಓಡಿದ್ದು ಇದರ ಬಲದಿಂದ. 1959ರಲ್ಲಿ ಬಂದ ಅವನ ಹಗುರವಾದ ಸ್ಕೀ-ಡೂ ಬಂಡಿ ಓಡಿದ್ದೂ ಹಲ್ಲುಚಕ್ರ ಎಳೆದ ಟ್ರ್ಯಾಕಿನಿಂದಲೇ. ಆಮೇಲೆ ಎಂಜಿನ್ ಬದಲಾಯಿತು, ಸೀಟು ಬದಲಾಯಿತು, ಹ್ಯಾಂಡಲ್ಲಿಗೆ ಬಿಸಿ ಬಂತು. ಹಲ್ಲು ಮತ್ತು ಪಟ್ಟಿಯ ದಾಂಪತ್ಯ ಮಾತ್ರ ಹಾಗೆಯೇ ನಡೆದಿದೆ.

ಚಕ್ರ ಬದಲಾಯಿಸುವುದಕ್ಕೆ ನ್ಯಾಯವಾದ ಕಾರಣ ಒಂದೇ: ಹಲ್ಲು ಸವೆಯುವುದು. ಹಲ್ಲು ಮೊಂಡಾದರೆ ಆಕ್ಸಿಲರೇಟರ್ ಒತ್ತಿದೊಡನೆ ಪಟ್ಟಿ ಹಿಡಿತ ತಪ್ಪಿ ಕಟಕಟ ಜಿಗಿಯುತ್ತದೆ. ಹಲ್ಲು ಪಟ್ಟಿಯ ಒಳಮೈಯ ಗುಬ್ಬಿಗಳನ್ನು ಮಾತ್ರ ತಳ್ಳುತ್ತಿದ್ದ ಚಕ್ರವನ್ನು ತೆಗೆದು, ಪಟ್ಟಿಯ ಕಿಂಡಿಗಳಲ್ಲೂ ಹಲ್ಲು ಕಚ್ಚುವಂಥದನ್ನು ಹಾಕುವುದೂ ಇದೇ ಜಿಗಿತ ನಿಲ್ಲಿಸಲು. ಉಳಿದ ಕಾರಣಗಳಲ್ಲಿ ಆಸೆಯೇ ಹೆಚ್ಚು. ಚಕ್ರ ದೊಡ್ಡದಾದರೆ ಪಟ್ಟಿ ಬಾಗುವ ತಿರುವು ಹಿಗ್ಗುತ್ತದೆ, ರಬ್ಬರನ್ನು ಬಗ್ಗಿಸಲು ಪೋಲಾಗುವ ಶಕ್ತಿ ತಗ್ಗುತ್ತದೆ, ಬಂಡಿ ಹಗುರವಾಗಿ ಓಡುತ್ತದೆ. ಏಳು ಹಲ್ಲಿನ ಜಾಗಕ್ಕೆ ಎಂಟು ಹಲ್ಲಿನದು ಬರುವುದು ಹೀಗೆ. ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆಯಿಲ್ಲ ಎನ್ನುತ್ತಾರೆ. ಇಲ್ಲಿ ಹಲ್ಲೂ ಇದೆ, ಕಡಲೆಯೂ ಇದೆ, ಬಾಯಿ ಚಿಕ್ಕದು.

ಬಾಯಿ ಎಷ್ಟು ಚಿಕ್ಕದೆಂದು ತಿಳಿಯಲು ಶಾಲೆಯ ಗಣಿತ ಸಾಕು. ಚಕ್ರದ ಸುತ್ತಳತೆ ಎಂದರೆ ಹಲ್ಲುಗಳ ಸಂಖ್ಯೆಯನ್ನು ಪಿಚ್‌ನಿಂದ ಗುಣಿಸಿದ್ದು. 2.86 ಅಂಗುಲದ ಪಿಚ್ಚಿಗೆ ಏಳು ಹಲ್ಲಿನ ಚಕ್ರದ ತ್ರಿಜ್ಯ ಸುಮಾರು 81 ಮಿಲಿಮೀಟರ್, ಎಂಟರದು 92.5. ಅಂದರೆ ಒಂದು ಹಲ್ಲು ಸೇರಿಸಿದರೆ ಪಟ್ಟಿ ಮೇಲಕ್ಕೂ ಮುಂದಕ್ಕೂ 11.6 ಮಿಲಿಮೀಟರ್ ಉಬ್ಬುತ್ತದೆ. ಅದು ಹೆಚ್ಚುಕಡಿಮೆ ಅರ್ಧ ಅಂಗುಲ. ಎಂಟು ಹಲ್ಲಿನ ಮೇಲೆ ಒಂದೂಮುಕ್ಕಾಲು ಅಂಗುಲದ ಲಗ್ ಎಷ್ಟು ಜಾಗ ಕೇಳುತ್ತದೋ, ಏಳು ಹಲ್ಲಿನ ಮೇಲೆ ಎರಡೂಕಾಲು ಅಂಗುಲದ ಲಗ್ ಸುಮಾರಾಗಿ ಅಷ್ಟೇ ಕೇಳುತ್ತದೆ. ಬೆಟ್ಟ ಹತ್ತುವವರು ಎತ್ತರದ ಲಗ್ಗಿಗೆ ಜಾಗ ಮಾಡಲು ಹಲ್ಲು ಕಳೆದುಕೊಳ್ಳುವುದು ಇದಕ್ಕೇ. ಎತ್ತರದ ಲಗ್ಗೂ ಬೇಕು, ಎಂಟನೆಯ ಹಲ್ಲೂ ಬೇಕು ಎಂದವರು ಸಣ್ಣ ಮನೆಗೆ ರಾಜಮಂಚ ಕೊಂಡವರಂತೆ. ಮಂಚ ಬಂದ ಮೇಲೆ ಬಾಗಿಲು ಕೆತ್ತಿಸಬೇಕಾಗುತ್ತದೆ.

ಬಾಗಿಲು ಕೆತ್ತಿಸುವುದಕ್ಕೂ ಇಲ್ಲಿ ಒಂದು ಅಡ್ಡಿಯಿದೆ. ನೀರಿನಿಂದ ತಂಪಾಗುವ ಎಂಜಿನ್ನಿನ ಬಿಸಿಯನ್ನು ಹೊರಹಾಕುವ ಕೂಲರ್ ಟನಲ್ಲಿನ ಒಳಗೇ, ಮುಂದುಗಡೆಯೂ ಮಾಡಿನಡಿಯಲ್ಲೂ, ಅಂಟಿಕೊಂಡಿರುತ್ತದೆ. ಟ್ರ್ಯಾಕ್ ಎರಚುವ ಹಿಮ ಬಡಿದು ಅದು ತಣ್ಣಗಾಗಬೇಕು. ಹಾಗಾಗಿ ಟ್ರ್ಯಾಕ್ ಕೂಲರಿಗೆ ಹತ್ತಿರವೇ ಇರಬೇಕು, ಆದರೆ ಮುಟ್ಟಕೂಡದು. ಬೀಗರ ಮನೆ ಎಷ್ಟು ದೂರದಲ್ಲಿರಬೇಕೆಂಬ ಪ್ರಶ್ನೆಗೂ ಇದೇ ಉತ್ತರ. ಮುಟ್ಟಿದರೆ ಅಲ್ಯೂಮಿನಿಯಂ ಸವೆದು ಕೂಲೆಂಟ್ ಸೋರಿ, ಮೈನಸ್ 20 ಡಿಗ್ರಿ ಚಳಿಯಲ್ಲಿ ಎಂಜಿನ್ ಕುದಿಯುವ ವಿಚಿತ್ರವನ್ನು ಸವಾರ ಕಾಣುತ್ತಾನೆ. ಮಂಜುಗಡ್ಡೆಯ ಮೇಲೆ ಹಿಡಿತಕ್ಕೆಂದು ಪಟ್ಟಿಗೆ ಉಕ್ಕಿನ ಸ್ಟಡ್‌ಗಳನ್ನು ಬಿಗಿದಿದ್ದರಂತೂ ಕೂಲರಿಗೆ ಸವೆಯುವಷ್ಟು ಪುರುಸೊತ್ತೂ ಸಿಗುವುದಿಲ್ಲ. ಸ್ಟಡ್ ತುದಿ ಲಗ್ಗಿಗಿಂತ ಹೊರಗೆ ಚಾಚಿರುತ್ತದೆಂಬುದನ್ನು ಮರೆತು ಲಗ್ಗಿನಿಂದಲೇ ಅಳತೆ ತೆಗೆಯುವುದು ಈ ಕಸುಬಿನ ಹಳೆಯ ತಪ್ಪು.

ಅಳತೆ ನಿಂತ ಬಂಡಿಯದಾದರೆ ಅದನ್ನೂ ಪೂರ್ತಿ ನಂಬುವಂತಿಲ್ಲ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಎಂಟು ಹಲ್ಲಿನ ಚಕ್ರ ನಿಮಿಷಕ್ಕೆ 2,800 ಸುತ್ತಿಗೂ ಹೆಚ್ಚು ತಿರುಗುತ್ತದೆ. ಆ ತಿರುವಿನಲ್ಲಿ ಹತ್ತು ಗ್ರಾಂ ರಬ್ಬರು ಎಂಟು ಕಿಲೋ ಭಾರದಂತೆ ಹೊರಕ್ಕೆ ಜಗ್ಗುತ್ತದೆ. ಗ್ಯಾರೇಜಿನಲ್ಲಿ ಸಾಧುವಾಗಿದ್ದ ಪಟ್ಟಿ ಓಟದಲ್ಲಿ ಉಬ್ಬಿ ಮಾಡಿಗೆ ಬಡಿಯುತ್ತದೆ. ಜೊತೆಗೆ ಟನಲ್ಲಿನಲ್ಲಿ ಕಟ್ಟುವ ಮಂಜುಗಡ್ಡೆ ಬಾಡಿಗೆ ಕೊಡದ ಒಕ್ಕಲು. ಕೈಯಿಂದ ತಿರುಗಿಸಿದಾಗ ಎಲ್ಲೂ ತಾಗಲಿಲ್ಲ ಎಂಬುದು ಅದಕ್ಕೇ ಸಾಕ್ಷಿಯಾಗದು. ಸುತ್ತಲೂ ಬೆರಳಗಲವಾದರೂ ಖಾಲಿ ಉಳಿಯಬೇಕು.

ಎಷ್ಟು ಉಳಿಯುತ್ತದೆಂದು ನೋಡಲು ಮಕ್ಕಳು ಆಡುವ ಬಣ್ಣದ ಜೇಡಿ ಎಲ್ಲಕ್ಕಿಂತ ಒಳ್ಳೆಯ ಉಪಕರಣ. ಟನಲ್ಲಿನ ಮುಂಗೋಡೆ, ಮಾಡು, ಕೂಲರಿನ ಅಂಚು, ಎಂಜಿನ್ನಿನ ಬಲವನ್ನು ಷಾಫ್ಟಿಗೆ ಮುಟ್ಟಿಸುವ ಸರಪಳಿಯ ಪೆಟ್ಟಿಗೆಯಾದ ಚೈನ್‌ಕೇಸ್ ಉಬ್ಬಿದ ಕಡೆ ಒಂದೊಂದು ದಪ್ಪ ಉಂಡೆ ಮೆತ್ತಿ, ಪಟ್ಟಿಯನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ, ಲಗ್ಗು ಒತ್ತಿ ಉಳಿಸಿದ ದಪ್ಪವನ್ನು ಅಳೆದರಾಯಿತು. ಸಸ್ಪೆನ್ಷನ್ ಕುಗ್ಗಿಸಿ ಮತ್ತೊಮ್ಮೆ ನೋಡಬೇಕು. ಒಂದು ಸುತ್ತು ಪೂರ್ತಿ ಎಂಬುದು ಮುಖ್ಯ. ನೂರಾರು ಲಗ್ಗುಗಳಲ್ಲಿ ಒಂದು ವಕ್ರವಾಗಿರುತ್ತದೆ. ಅರ್ಧ ಸುತ್ತಿಗೆ ಬೆನ್ನು ನೋವೆಂದು ಬಿಟ್ಟವರಿಗೆ ಅದು ಉಳಿದರ್ಧದಲ್ಲಿರುತ್ತದೆ.

ಉಜ್ಜಾಟಕ್ಕೆಲ್ಲ ಚಕ್ರದ ಗಾತ್ರವನ್ನೇ ದೂರುವುದೂ ಸರಿಯಲ್ಲ. ಜೋಡಿಸಿದ ಕೈಯ ಪಾಲೂ ಇರುತ್ತದೆ. ಷಾಫ್ಟು ಆರು ಮೂಲೆಯದು. ಚಕ್ರದ ನಡುವಿನ ತೂತೂ ಆರು ಮೂಲೆಯದು. ಷಾಫ್ಟಿನ ಮೇಲೆ ಎಡಕ್ಕೂ ಬಲಕ್ಕೂ ಕೂರುವ ಚಕ್ರಗಳ ಹಲ್ಲುಗಳು ಒಂದೇ ಸಾಲಿನಲ್ಲಿ ನಿಲ್ಲಬೇಕು. ಎಡದ್ದನ್ನು ತೊಡಿಸಿ ಬಲದ್ದನ್ನು ಕಣ್ಣುಮುಚ್ಚಿ ತೂರಿಸಿದರೆ ಹಲ್ಲು ಸರಿಹೊಂದುವ ಅದೃಷ್ಟ ಎಷ್ಟು? ಒಂಬತ್ತು ಹಲ್ಲಿನದಕ್ಕೆ ಎರಡರಲ್ಲಿ ಒಂದು ಸಲ, ಎಂಟರದಕ್ಕೆ ಮೂರರಲ್ಲಿ ಒಂದು. ಏಳಕ್ಕೂ ಆರಕ್ಕೂ ಒಂದನ್ನು ಬಿಟ್ಟರೆ ಸಾಮಾನ್ಯ ಅಪವರ್ತನವೇ ಇಲ್ಲದ್ದರಿಂದ ಏಳು ಹಲ್ಲಿನದಕ್ಕೆ ಆರರಲ್ಲಿ ಒಂದೇ ಸಲ. ಲೂಡೋ ದಾಳಕ್ಕಿಂತ ಉತ್ತಮವೇನಲ್ಲ. ಚಕ್ರದ ಮೇಲೆ ತಯಾರಕರು ಗುರುತು ಹಾಕಿರುತ್ತಾರೆ. ಆ ಗುರುತು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಎಲ್ಲವನ್ನೂ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿ, ಕೈ ಒರೆಸಿಕೊಂಡು, ಕಾಫಿ ಹಿಡಿದು ಮೆಚ್ಚಿ ನೋಡುವಾಗ.

ಹಲ್ಲು ಸಾಲಿಗೆ ಬಂದರೂ ಚಕ್ರ ಷಾಫ್ಟಿನ ಮೇಲೆ ಒಂದಿಷ್ಟು ಪಕ್ಕಕ್ಕೆ ಕೂತರೆ ಪಟ್ಟಿಯ ಒಳಗುಬ್ಬಿಗಳಿಗೂ ಕಿಂಡಿಯ ಅಂಚಿನ ಲೋಹದ ಕ್ಲಿಪ್ಪುಗಳಿಗೂ ಉಜ್ಜಿ ಪುಡಿ ಉದುರಿಸುತ್ತದೆ. ಹಳೆಯ ಚಕ್ರ ತೆಗೆಯುವ ಮುನ್ನ ಷಾಫ್ಟಿನ ತುದಿಯಿಂದ ಪ್ರತಿ ಚಕ್ರಕ್ಕಿರುವ ದೂರವನ್ನು ಬರೆದಿಟ್ಟುಕೊಳ್ಳುವುದು ಮದ್ದು. ಬರೆಯುವುದು ಕಾಗದದ ಮೇಲಾಗಬೇಕು. ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರೆ ಅದನ್ನು ಗುಡಿಸಲು ಮನೆಯಲ್ಲಿ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ.

ಇನ್ನು ಬಿಗಿತ. ದೊಡ್ಡ ಚಕ್ರ ಪಟ್ಟಿಯ ಉದ್ದವನ್ನು ಸ್ವಲ್ಪ ನುಂಗುವುದರಿಂದ ಹಿಂದಿನ ಆಕ್ಸಲನ್ನು ಮುಂದಕ್ಕೆ ತರಬೇಕು, 2.86ರ ಪಿಚ್ಚಿನಲ್ಲಿ ಒಂದು ಹಲ್ಲಿಗೆ ಸುಮಾರು 18 ಮಿಲಿಮೀಟರ್. ಹೊಂದಿಸುವ ಬೋಲ್ಟಿನಲ್ಲಿ ಅಷ್ಟು ಜಾಗವೇ ಉಳಿದಿಲ್ಲದಿದ್ದರೆ ಅದನ್ನು ಚಕ್ರ ಕೊಳ್ಳುವ ಮುಂಚೆ ತಿಳಿಯುವುದು ಲೇಸು. ಸಡಿಲ ಬಿಟ್ಟರೆ ಪಟ್ಟಿ ಜೋತು ಮಾಡಿಗೆ ಬಡಿಯುತ್ತದೆ, ಹಲ್ಲು ಜಿಗಿಯುತ್ತದೆ. ಅತಿಯಾಗಿ ಬಿಗಿದರೆ ಸದ್ದೇನೋ ನಿಲ್ಲುತ್ತದೆ. ಆದರೆ ಪಟ್ಟಿ ಜಾರುವ ಪ್ಲಾಸ್ಟಿಕ್ ಪಟ್ಟಿಕೆಗಳು ಕರಗತೊಡಗುತ್ತವೆ, ಬೇರಿಂಗ್ ನರಳುತ್ತದೆ, ಗಳಿಸಿದ ವೇಗವೂ ಹೋಗುತ್ತದೆ. ಇಂತಿಷ್ಟು ತೂಕ ಕೆಳಕ್ಕೆ ಜಗ್ಗಿದಾಗ ಪಟ್ಟಿ ಇಂತಿಷ್ಟು ಇಳಿಬೀಳಬೇಕೆಂದು ಪ್ರತಿ ಬಂಡಿಯ ಕೈಪಿಡಿಯಲ್ಲೂ ಅಚ್ಚಾಗಿದೆ. ಕೈಪಿಡಿ ಸಿಕ್ಕದಿರುವುದು ಸಂಪ್ರದಾಯ.

ಪಟ್ಟಿ ಪಕ್ಕದ ಗೋಡೆಗೆ ಉಜ್ಜುತ್ತಿದ್ದರೆ ಅದು ನೇರ ಓಡುತ್ತಿಲ್ಲ. ಪಟ್ಟಿ ಯಾವಾಗಲೂ ಸಡಿಲವಿರುವ ಪಕ್ಕಕ್ಕೆ ಸರಿಯುತ್ತದೆ. ಎತ್ತ ಸರಿದಿದೆಯೋ ಅತ್ತಲಿನ ಬೋಲ್ಟನ್ನು ಕಾಲು ಸುತ್ತು ಬಿಗಿಯಬೇಕು. ಸೈಕಲ್ಲಿನ ಹಿಂಗಾಲಿ ಹೊಂದಿಸಿ ಗೊತ್ತಿದ್ದವರಿಗೆ ಈ ವಿದ್ಯೆ ಹೊಸದಲ್ಲ. ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆತ್ತಿ, ಎಂಜಿನ್ನಿನಿಂದಲೇ ಮೆಲ್ಲಗೆ ತಿರುಗಿಸಿ, ಪೂರ್ತಿ ನಿಲ್ಲಿಸಿ, ಆಮೇಲೆ ನೋಡಬೇಕು. ತಿರುಗುವಾಗ ಹಿಂದೆ ನಿಂತು ಬಗ್ಗಿ ನೋಡುವ ಕುತೂಹಲಿಯ ಕಡೆಗೆ ಕಿತ್ತುಬಂದ ಸ್ಟಡ್ ಬಂದೂಕಿನ ಗುಂಡಿನಂತೆ ಬರುತ್ತದೆ. ಸ್ಟ್ಯಾಂಡಿಗೆ ಹಿಂದೆ ಗಟ್ಟಿ ಮರೆಯಿರಬೇಕು, ಮರೆಗೆ ಹಿಂದೆ ಭಾವಮೈದುನ ಇರಬಾರದು.

ಇಷ್ಟೆಲ್ಲ ಆದರೂ ಉಜ್ಜಿದರೆ ಗುರುತು ಓದಬೇಕು. ಮಾಡಿನಲ್ಲಿ ಉದ್ದನೆಯ ಹೊಳೆಯುವ ಗೆರೆಯಿದ್ದರೆ ಪಟ್ಟಿ ಉಬ್ಬುತ್ತಿದೆ. ಮುಂಗೋಡೆಯಲ್ಲಿದ್ದರೆ ಚಕ್ರ ದೊಡ್ಡದಾಯಿತು. ಒಂದೇ ಪಕ್ಕದಲ್ಲಿದ್ದರೆ ಪಟ್ಟಿ ಓರೆ. ಲಗ್ಗಿನ ತುದಿಯಲ್ಲಿ ಒಂದೇ ಕಡೆ ಕತ್ತಿ ಹಾಕಿದಂತಿದ್ದರೆ ಯಾರೋ ಬೋಲ್ಟಿನ ತಲೆಯನ್ನು ಹೊರಗಿಟ್ಟು ನಟ್ಟನ್ನು ಟನಲ್ಲಿನ ಒಳಗೆ ಬಿಗಿದಿದ್ದಾರೆ. ತಿರುಗಿಸಿ ಹಾಕಿದರೆ ಅರ್ಧ ಅಂಗುಲ ಪುಕ್ಕಟೆ ಸಿಗುತ್ತದೆ. ಸ್ಟಡ್ ಇಲ್ಲದ ಬಂಡಿಯಲ್ಲಿ ಟನಲ್ ಕಾಯುವ ಎತ್ತರದ ಪಟ್ಟಿಕೆಗಳನ್ನು ತೆಗೆದೋ, ತೆಳುವಾದವನ್ನು ಹಾಕಿಯೋ ಇನ್ನಷ್ಟು ಗಳಿಸಬಹುದು. ಲಗ್ಗುಗಳ ತುದಿ ಕತ್ತರಿಸುವವರೂ ಇದ್ದಾರೆ, ಆದರೆ ಎತ್ತರದ ಲಗ್ಗಿಗೆ ಹಣ ಕೊಟ್ಟವರು ಅದನ್ನೇ ಹೆರೆಯುವುದು ಕೊಂಚ ಕರುಳು ಚುರುಕೆನ್ನುವ ದೃಶ್ಯ. ಷಾಫ್ಟನ್ನೇ ಕೆಳಕ್ಕೆ ಸರಿಸಿ ಕೂರಿಸುವ ಶಸ್ತ್ರಚಿಕಿತ್ಸೆಯೂ ಉಂಟು. ಅದಕ್ಕೆ ಚೈನ್‌ಕೇಸಿನಿಂದ ಬೇರಿಂಗಿನವರೆಗೆ ಎಲ್ಲವೂ ಏಳಬೇಕು, ಮತ್ತು ಅಷ್ಟರಲ್ಲಿ ಹಿಮ ಕರಗಿರುತ್ತದೆ. ಬಹುಪಾಲು ಗ್ಯಾರೇಜುಗಳಲ್ಲಿ ಪ್ರಕರಣ ಮುಗಿಯುವುದು ಹಳೆಯ ಏಳು ಹಲ್ಲಿನ ಗಾತ್ರಕ್ಕೇ ಮರಳುವುದರಿಂದ.

ಎಂಟು ಹಲ್ಲು ಗೆದ್ದು ಉಳಿದರೆ ಚೈನ್‌ಕೇಸಿನ ಗೇರನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು. ಷಾಫ್ಟಿನ ಒಂದು ಸುತ್ತಿಗೆ ಪಟ್ಟಿ ಈಗ ನೂರಕ್ಕೆ 14ರಷ್ಟು ಹೆಚ್ಚು ಓಡುತ್ತದೆ, ಎಂಜಿನ್ನಿಗೆ ಹೊರೆ ಹೆಚ್ಚುತ್ತದೆ. ಸ್ಪೀಡೋಮೀಟರ್ ಷಾಫ್ಟಿನ ಸುತ್ತುಗಳನ್ನೇ ಎಣಿಸುವಂಥದಾದರೆ ಅದಕ್ಕೆ ಹಲ್ಲಿನ ಸುದ್ದಿ ತಲುಪಿರುವುದಿಲ್ಲ. ಅದು 100 ತೋರಿಸುವಾಗ ಬಂಡಿ 114ರಲ್ಲಿರುತ್ತದೆ. ಎಂಟರಿಂದ ಏಳಕ್ಕಿಳಿದ ಬಂಡಿಯಲ್ಲಿ ಅದೇ 100 ನಿಜಕ್ಕೆ 87.5. ಮೀಟರನ್ನು ತಿದ್ದಿಸಿಕೊಳ್ಳಲು ಮೊದಲು ಬರುವವರು ಎಂಟು ಹಲ್ಲಿನವರು. ಏಳು ಹಲ್ಲಿನವರಿಗೆ ಅಂಥ ಅವಸರ ಕಾಣುವುದಿಲ್ಲ.