ಕುಂಟು ಕುರ್ಚಿಯ ಪರ್ಯಾಯ

ಕಾಲೇಜು ದೊಡ್ಡದಾಗಿ ಊರು ಚಿಕ್ಕದಾಗಿರುವ ಕಡೆಯೆಲ್ಲ ಒಂದು ಬಗೆಯ ಮನುಷ್ಯರು ಇರುತ್ತಾರೆ. ಮನೆ ಅವರದಲ್ಲ, ಬರುವ ಬಾಡಿಗೆಯೂ ಅವರದಲ್ಲ. ಬ್ರೋಕರ್ ಎಂದರೆ ಸಿಟ್ಟು, ವಾಚ್‌ಮನ್ ಎಂದರೆ ಇನ್ನೂ ಸಿಟ್ಟು. ಸೊಂಟದಲ್ಲಿ ಮೂವತ್ತು ಬೀಗದ ಕೈ, ಜೇಬಿನಲ್ಲಿ ಎರಡು ಮೊಬೈಲು. ಒಂದು ಓನರುಗಳಿಗೆ, ಇನ್ನೊಂದು ನಮ್ಮಂಥವರಿಗೆ. ಮೊದಲನೆಯದನ್ನು ಅರ್ಧ ರಿಂಗಿಗೆ ಎತ್ತುತ್ತಾರೆ, ಎರಡನೆಯದು ಯಾವಾಗಲೂ ‘ವ್ಯಾಪ್ತಿ ಪ್ರದೇಶದ ಹೊರಗೆ’. ಕಾರ್ಡಿನಲ್ಲಿ ‘ಪ್ರಾಪರ್ಟಿ ಮ್ಯಾನೇಜ್‌ಮೆಂಟ್’ ಎಂದು ಅಚ್ಚು ಹಾಕಿಸಿರುತ್ತಾರೆ. ಸುರತ್ಕಲ್ಲಿನಲ್ಲೂ ಇದ್ದಾರೆ. ನನ್ನ ಪಾಲಿಗೆ ಬಂದವರು ಮಣಿಪಾಲದವರು.

2013ರಿಂದ 2015ರವರೆಗೆ ನಾವು ಮೂವರು ಅಲ್ಲಿ ‘ಫುಲ್ಲಿ ಫರ್ನಿಶ್ಡ್’ ಫ್ಲ್ಯಾಟಿನಲ್ಲಿದ್ದೆವು. ಟೈಗರ್ ಸರ್ಕಲ್ಲಿನಿಂದ ನಡೆದು ಹೋಗುವಷ್ಟು ದೂರ, ಮೂರನೇ ಮಹಡಿ. ನಾನು ದಾವಣಗೆರೆಯವನು, ಒಬ್ಬ ಪುಣೆಯವನು, ಇನ್ನೊಬ್ಬ ಇಡೀ ಎರಡು ವರ್ಷ ನಿದ್ದೆಯಲ್ಲೇ ಇದ್ದುದರಿಂದ ಎಲ್ಲಿಯವನೆಂದು ಸರಿಯಾಗಿ ಗೊತ್ತಾಗಲಿಲ್ಲ. ಕರಾರು ಪತ್ರ 11 ತಿಂಗಳಿಗೆ. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕಲ್ಲ, ಅದಕ್ಕೆ. ಪತ್ರದ ಹಿಂದೆ ಎರಡು ಪುಟದ ಸಾಮಾನು ಪಟ್ಟಿ: ಮಂಚ 3, ಕಪಾಟು 2, ಸೋಫಾ 1, ಕುರ್ಚಿ 4, ಫ್ರಿಜ್ಜು 1, ಪರದೆ 6, ಚಮಚ (ದೊಡ್ಡದು) 4. ಒಂದೊಂದನ್ನೂ ಮುಟ್ಟಿ ತೋರಿಸಿ ಸಹಿ ಹಾಕಿಸಿಕೊಂಡರು. ಕುರ್ಚಿ ನಾಲ್ಕು ಎಂದಿತ್ತು, ನಿಜ. ಕಾಲು ಹದಿನಾರು ಎಂದು ಎಲ್ಲೂ ಬರೆದಿರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು.

ನಾನು ಮೊದಲು ಸೋತದ್ದು ಅವರ ಭಾಷೆಗೆ. ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದು ಫೋನ್ ಮಾಡಿದೆ. “ಸರಿ ಮಾಡುವ” ಅಂದರು. ನಮ್ಮೂರಿನ ಕಿವಿಗೆ ‘ಮಾಡುವ’ ಎಂದರೆ ವಾಕ್ಯ ಮುಗಿದಿಲ್ಲ ಎಂದರ್ಥ. ಮಾಡುವ ಏನು? ಮಾಡುವ ಜನವೋ, ಮಾಡುವ ಯೋಚನೆಯೋ, ಮಾಡುವ ದಿನವೋ, ಒಂದು ನಾಮಪದ ಬಂದೇ ಬರುತ್ತದೆಂದು ಫೋನ್ ಹಿಡಿದು ಕಾದೆ. ಬರಲಿಲ್ಲ. ಕರಾವಳಿಯಲ್ಲಿ ಅದು ಪೂರ್ತಿ ವಾಕ್ಯವೇ, ‘ಮಾಡೋಣ’ ಎಂದರ್ಥ ಎಂದು ಮೆಸ್ಸಿನ ಅಡುಗೆಯವರು ಹೇಳಿಕೊಟ್ಟರು. ನಲ್ಲಿ ಮಾತ್ರ ನಾಮಪದಕ್ಕಾಗಿ ಕಾಯುತ್ತಾ ಇಡೀ ತಿಂಗಳು ತೊಟ್ಟಿಕ್ಕಿತು.

ಎರಡನೆಯ ಮಾತು “ಜನ ಕಳಿಸ್ತೇನೆ ಆಯ್ತಾ”. ಈ ‘ಜನ’ ಬಹುವಚನವಲ್ಲ. ಒಬ್ಬ ಪ್ಲಂಬರ್, ಒಬ್ಬ ಬಡಗಿ, ಒಬ್ಬ ಎಲೆಕ್ಟ್ರಿಷಿಯನ್, ಯಾರಾದರೂ ಆಗಬಹುದು, ಯಾರೂ ಆಗದೆಯೂ ಇರಬಹುದು. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ. ಜನ ರಾತ್ರಿಯಿಡೀ ಆಟ ನೋಡಿ ಹಗಲು ಮಲಗಿರುತ್ತದೆ. ಪತ್ತನಾಜೆ ಕಳೆಯಿತೋ, ಮಳೆ. ದಾವಣಗೆರೆಯಲ್ಲಿ ವರ್ಷವಿಡೀ ಆರುನೂರು ಮಿಲಿಮೀಟರ್ ಆಸುಪಾಸಿನ ಮಳೆಗೆ ಕೈಮುಗಿಯುತ್ತಿದ್ದವನು ನಾನು. ಉಡುಪಿಯ ಕಡೆ ನಾಲ್ಕು ಸಾವಿರ ದಾಟುತ್ತದೆ. ಆ ಮಳೆಯಲ್ಲಿ ಕಪಾಟಿನ ಪ್ಲೈವುಡ್ ಉಬ್ಬಿ, ಬೆಲ್ಟಿಗೂ ಬೂಟಿಗೂ ಬೂಷ್ಟು ಹಿಡಿದು, ಜೀನ್ಸ್ ಪ್ಯಾಂಟು ನಾಲ್ಕನೆಯ ದಿನವೂ ಒಣಗದೆ ಇರುವಾಗ ಜನ ಹೇಗೆ ಬರುತ್ತದೆ? ಮಳೆ ನಿಂತರೆ ಅಷ್ಟಮಿ, ಚೌತಿ, ನವರಾತ್ರಿಯ ಹುಲಿವೇಷ. ಬಡಗಿಯ ಮನೆಯಲ್ಲಿ ಭೂತಕೋಲ. ನನ್ನ ಲೆಕ್ಕದಲ್ಲಿ ರಿಪೇರಿಗೆ ಉಳಿಯುತ್ತಿದ್ದುದು ವರ್ಷದಲ್ಲಿ ಒಂಬತ್ತು ದಿನ. ಅಷ್ಟೂ ದಿನ ಅವರ ಸ್ಕೂಟರು ಗ್ಯಾರೇಜಿನಲ್ಲಿರುತ್ತಿತ್ತು.

ಇಷ್ಟಾದರೂ ಒಂದು ಸೋಜಿಗ. ರಿಪೇರಿ ಎಂದರೆ ತಿಂಗಳುಗಟ್ಟಲೆ; ಆದರೆ ‘ಬದಲಿಸಿ ಕೊಡಿ’ ಎಂದರೆ ಅದೇ ಸಂಜೆ.

ಇದು ಗೊತ್ತಾದದ್ದು ಕುರ್ಚಿಯಿಂದ. ಊಟದ ಮೇಜಿನ ನಾಲ್ಕು ಕುರ್ಚಿಗಳಲ್ಲಿ ಒಂದರ ಹಿಂದಿನ ಎಡಗಾಲು ಸಡಿಲ. ಮುಂದಕ್ಕೆ ಬಾಗಿ ಕೂತರೆ ಪರವಾಗಿಲ್ಲ. ಉಂಡು ತೃಪ್ತಿಯಿಂದ ಹಿಂದಕ್ಕೆ ಒರಗಿದಿರೋ, ನೆಲ. ಪುಣೆಯವನು ಬಿದ್ದ, ನಾನು ಬಿದ್ದೆ, ಮಲಗಿಯೇ ಇರುವವನು ಮಾತ್ರ ಬೀಳಲಿಲ್ಲ. ಒಂದು ರಾತ್ರಿ ಬೇಸತ್ತು ಮಾರ್ಕರ್ ಪೆನ್ನು ತೆಗೆದುಕೊಂಡು ಸೀಟಿನ ಅಡಿಯಲ್ಲಿ ದೊಡ್ಡದಾಗಿ ಬರೆದೆ: ‘ಒರಗಬೇಡಿ’. ಬಿದ್ದ ಮೇಲೆ ಮಾತ್ರ ಓದಬಹುದಾದ ಜಾಗದಲ್ಲಿ ಎಚ್ಚರಿಕೆ ಬರೆದವನು ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ಎಂಬುದನ್ನು ಓದುಗರು ಗಮನಿಸಬೇಕು.

ಮರುದಿನ ಫೋನ್ ಮಾಡಿ, “ಅಣ್ಣ, ಕುರ್ಚಿ ಕಾಲು ಮುರ್ದೈತಿ, ಬೇರೆ ಕೊಡ್ರಿ” ಎಂದೆ. ಸಂಜೆ ಆರಕ್ಕೆ ಸ್ಕೂಟರಿನ ಹಿಂದೆ ಬೇರೆ ಕುರ್ಚಿ ಕಟ್ಟಿಕೊಂಡು ಬಂದರು! ಕುಂಟನ್ನು ಅದೇ ಹಗ್ಗದಿಂದ ಕಟ್ಟಿಕೊಂಡು ಹೋದರು. ಅವರ ಬಗ್ಗೆ ಅಷ್ಟು ದಿನ ಆಡಿದ ಮಾತಿಗೆಲ್ಲ ನಾಚಿಕೆಯಾಯಿತು. ಹೊಸ ಕುರ್ಚಿಗೆ ನಾಲ್ಕು ಕಾಲೂ ಗಟ್ಟಿ. ಬೆನ್ನು ಇರಲಿಲ್ಲ ಅಷ್ಟೆ.

ಎರಡು ತಿಂಗಳ ಮೇಲೆ ಈಶ್ವರ ನಗರದಲ್ಲಿದ್ದ ಗೆಳೆಯನ ಫ್ಲ್ಯಾಟಿಗೆ ಹೋದೆ. ಮೀನೂಟ. ಉಂಡು ತೃಪ್ತಿಯಿಂದ ಹಿಂದಕ್ಕೆ ಒರಗಿದೆ. ನೆಲದ ಮೇಲೆ ಅಂಗಾತ ಬಿದ್ದು, ಕಣ್ಣು ಬಿಟ್ಟಾಗ ಎದುರಿಗೆ ಕಂಡದ್ದು ನನ್ನದೇ ಕೈಬರಹ.

ಆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಅವರ ಉಸ್ತುವಾರಿಯಲ್ಲಿ ಇದ್ದದ್ದು ಎಂಟು ಫ್ಲ್ಯಾಟು. ಉಡುಪಿಯಲ್ಲಿ ಎಂಟು ಮಠಗಳಿಗೆ ಕೃಷ್ಣನ ಪೂಜೆಗೆ ಎರಡೆರಡು ವರ್ಷದ ಸರದಿ. 2014ರ ಜನವರಿ 18ಕ್ಕೆ ಆ ಪರ್ಯಾಯದ ಮೆರವಣಿಗೆಯನ್ನು ನಾವು ರಾತ್ರಿ ನಿದ್ದೆಗೆಟ್ಟು ನೋಡಿದ್ದೆವು. ಇವರದು ಇನ್ನೊಂದು ಪರ್ಯಾಯ. ಎಂಟು ಮನೆಗೂ ಸರದಿಯಂತೆ ಒಂದು ಕುಂಟು ಕುರ್ಚಿ, ಒಂದು ತಣ್ಣಗಾಗದ ಫ್ರಿಜ್ಜು, ಒಂದು ಬಿಸಿಯಾಗದ ಗೀಸರು. ಸ್ಕೂಟರೇ ಪಲ್ಲಕ್ಕಿ. ಯಾವುದೂ ರಿಪೇರಿಯಾಗುವುದಿಲ್ಲ, ಎಲ್ಲವೂ ಚಲಿಸುತ್ತವೆ. ಪಟ್ಟಿಯಲ್ಲಿ ಮಾತ್ರ ಎಲ್ಲ ಮನೆಯಲ್ಲೂ ಯಾವಾಗಲೂ ಕುರ್ಚಿ 4.

ಪುಣೆಯವನೂ ನಾನೂ ಎಂಟು ಮನೆಗೂ ಹೋಗಿ ಸಮೀಕ್ಷೆ ಮಾಡಿದೆವು. ಅಷ್ಟೇ ಶ್ರದ್ಧೆ ಥೀಸಿಸ್‌ಗೆ ಕೊಟ್ಟಿದ್ದರೆ ಗೈಡ್ ಕಣ್ಣೊರೆಸಿಕೊಳ್ಳುತ್ತಿದ್ದರು. ಕಾಲು ಮುರಿದ ಮಂಚ ಇದ್ದದ್ದು ಹೇಗೂ ನೆಲದ ಮೇಲೆ ಹಾಸಿಗೆ ಹಾಕುವವರ ಮನೆಯಲ್ಲಿ. ತಣ್ಣಗಾಗದ ಫ್ರಿಜ್ಜು, ಒಲೆಯನ್ನೇ ಹಚ್ಚದ ಮೆಡಿಕಲ್ ಹುಡುಗರ ಮನೆಯಲ್ಲಿ. ಅವರು ಅದರಲ್ಲಿ ಪುಸ್ತಕ ಇಟ್ಟಿದ್ದರು. ಬಾಗಿಲು ಕೂರದ ಕಪಾಟು, ಬಟ್ಟೆಯನ್ನು ಸೋಫಾದ ಮೇಲೇ ರಾಶಿ ಹಾಕುವವರ ಮನೆಯಲ್ಲಿ. ಅರೆ, ಎಷ್ಟು ಚೆನ್ನಾಗಿ ನಮ್ಮನ್ನೆಲ್ಲ ಓದಿಕೊಂಡಿದ್ದಾರೆ ಮನುಷ್ಯ ಎಂದು ಬೆರಗಾದೆ. ಹಾಗಾದರೆ ನಮ್ಮ ಮನೆಯಲ್ಲಿ ಏನೇನಿದೆ ಎಂದು ಎಣಿಸಿದಾಗ ಬೆರಗು ಇಳಿಯಿತು. ಬೆನ್ನಿಲ್ಲದ ಕುರ್ಚಿ, ಉಬ್ಬಿದ ಕಪಾಟು, ಮೂರರಲ್ಲಿ ಮಾತ್ರ ತಿರುಗುವ ಫ್ಯಾನು, ಸೋರುವ ನಲ್ಲಿ. ಎಂಟರಲ್ಲಿ ಅತಿ ಹೆಚ್ಚು ಹಾಳು ಸಾಮಾನು ನಮ್ಮಲ್ಲಿ. ಯಾವ ಮನೆಯವರು ಕೂಗಾಡುವುದಿಲ್ಲವೋ ಅಲ್ಲಿಗೆ ಹೋಗಿ ನಿಲ್ಲುವುದು ಆ ಸಾಮಾನಿನ ಸ್ವಭಾವ. ಅವರ ಲೆಕ್ಕದಲ್ಲಿ ನಾವು ಸಾಧುಗಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪೆದ್ದರು.

ಕೂಗಾಡಲು ಕಲಿತೆವು. ಪುಣೆಯವನ ತಂದೆ ವಕೀಲರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮನ್ನು ಅವನು ಮೊಬೈಲಿನಲ್ಲಿ ತೆರೆದು ಅವರೆದುರು ಓದಿದ. ಬಾಡಿಗೆದಾರ ಮನೆ ಬಿಡುವಾಗ ಪಡೆದಂತೆಯೇ ಒಪ್ಪಿಸಬೇಕು, ಆದರೆ ಸಹಜ ಸವಕಳಿಗೆ ಅವನು ಹೊಣೆಯಲ್ಲ ಎಂದು ನಾನು ಅದನ್ನು ಕನ್ನಡಕ್ಕೆ ಇಳಿಸಿದೆ. ಅವರು ಭಕ್ತಿಯಿಂದ ಕೇಳಿಸಿಕೊಂಡರು.

“1882ರದ್ದಾ ಮಾರಾಯ್ರೇ? ಈ ಸೋಫಾ ಅದಕ್ಕಿಂತ ಹಳತು.”

ಆದರೂ ಕೂಗಾಟಕ್ಕೆ ಫಲ ಸಿಕ್ಕಿತು. ಬೆನ್ನಿಲ್ಲದ ಕುರ್ಚಿ ಹೋಗಿ ಬೆನ್ನಿದ್ದದ್ದು ಬಂತು. ಫ್ಯಾನು ಐದರಲ್ಲೂ ತಿರುಗತೊಡಗಿತು. ಒಂದು ವಾರ ಗೆದ್ದೆವೆಂದು ಬೀಗಿದೆವು. ಆಮೇಲೊಮ್ಮೆ ಕೆಳಗಿನ ಮಹಡಿಗೆ ಹೊಸದಾಗಿ ಬಂದಿದ್ದ ಹುಡುಗನ ಹತ್ತಿರ ಚಾರ್ಜರ್ ಕೇಳಲು ಹೋದೆ. ಕಲಬುರಗಿ ಕಡೆಯವನು, ಮನೆ ಬಿಟ್ಟು ಬಂದು ತಿಂಗಳೂ ಆಗಿರಲಿಲ್ಲ. ಬೆನ್ನಿಲ್ಲದ ಕುರ್ಚಿಯ ಮೇಲೆ ನೆಟ್ಟಗೆ ಕೂತು ಓದುತ್ತಿದ್ದ. ಫ್ಯಾನು ಮೂರರಲ್ಲಿ ತಿರುಗುತ್ತಿತ್ತು. “ಎಲ್ಲಾ ಚಲೋ ಅದ್ರೀ ಅಣ್ಣಾರ” ಎಂದ. ನಾನು ಚಾರ್ಜರ್ ತೆಗೆದುಕೊಂಡು ಬಂದೆ. ಏನೂ ಹೇಳಲಿಲ್ಲ. ಹೇಳಿದ್ದರೆ ಅವನೂ ಕೂಗಾಡಲು ಕಲಿಯುತ್ತಿದ್ದ, ಕುರ್ಚಿ ಮತ್ತೆ ಮೇಲೆ ಹತ್ತಿ ಬರುತ್ತಿತ್ತು.

ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳಕ್ಕಿಳಿಯಿತು. ನಲ್ಲಿಗೆ ದಿನ ಬಿಟ್ಟು ದಿನ ನೀರು, ಆಮೇಲೆ ಅದೂ ಇಲ್ಲ. ಟ್ಯಾಂಕರಿಗೆ ಹೇಳಿದರೆ “ಬರ್ತದೆ”. ನನಗೆ ಆಗ ಜ್ವರ. ಉಳಿದಿಬ್ಬರು ಊರಿಗೆ ಹೋಗಿದ್ದರು. ಮಧ್ಯಾಹ್ನ ಸ್ಕೂಟರಿನ ಸದ್ದು. ಅವರೇ, ಎರಡು ಕ್ಯಾನು ಬಾವಿ ನೀರು ಹೊತ್ತು ಮೂರು ಮಹಡಿ ಹತ್ತಿ ಬಂದರು. ಟಿಫಿನ್ ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ, ಒಂದು ತುಂಡು ಮಾವಿನ ಉಪ್ಪಿನಕಾಯಿ. ನಾನು ಉಣ್ಣುವಾಗ ಓನರುಗಳ ಮೊಬೈಲು ರಿಂಗಾಯಿತು. ಶುಕ್ರವಾರ, ಓನರು ಇರುವ ಕುವೈತಿನಲ್ಲಿ ರಜೆ. ಬಾಲ್ಕನಿಗೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿದರು. “ಸಾರ್, ಗೀಸರ್ ಒಂದು ಹೊಸದು… ಇಲ್ಲ ಸಾರ್, ರಿಪೇರಿಗೆ ಆಗುದಿಲ್ಲ ಅಂತ… ಆಯ್ತು ಸಾರ್. ಮುಂದಿನ ತಿಂಗಳು ನೋಡುವ.” ನಮಗೆ ಹೇಳುವ ‘ನೋಡುವ’ವೇ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಅದು ಆಗಲೇ ಒಮ್ಮೆ ಬಳಸಿದ ಮಾತು ಎಂದು ನನಗೆ ಗೊತ್ತಿರಲಿಲ್ಲ. ಒಳಗೆ ಬಂದು, “ನಿಮ್ಮ ಗೀಸರಿಗೆ ಜನ ಹೇಳಿದ್ದೇನೆ” ಎಂದರು. ನಾನು ಆಯ್ತಣ್ಣ ಎಂದೆ. ಡಬ್ಬಿ ತೊಳೆದು ಕೊಡುವಷ್ಟು ನೀರು ಆ ಕ್ಯಾನಿನಲ್ಲಿತ್ತು, ತೊಳೆಯಲು ಬಿಡಲಿಲ್ಲ.

ಇದನ್ನು ಬರೆಯುವಾಗ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತಿರುವಂತೆ ಕಾಣಬಹುದು. ಹಾಗೇನಿಲ್ಲ. ಗೀಸರು ಕೊನೆಯವರೆಗೂ ಬಿಸಿಯಾಗಲಿಲ್ಲ.

2015ರ ಜೂನಿನಲ್ಲಿ ಮನೆ ಬಿಟ್ಟೆವು. ಎರಡು ಪುಟದ ಪಟ್ಟಿ ಮತ್ತೆ ಹೊರಬಂತು. ಚಮಚಗಳನ್ನು ಅವರು ದೇವಸ್ಥಾನದ ಒಡವೆ ಲೆಕ್ಕ ಹಾಕುವವರ ಹಾಗೆ ಎಣಿಸಿದರು, ಪರದೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಕುರ್ಚಿ 4, ಸರಿಯಾಗಿತ್ತು. ಅಡ್ವಾನ್ಸ್ ಹಣ ಮರುದಿನ ಮನೆಗೆ ಬಂದು ತೆಗೆದುಕೊಂಡು ಹೋಗಿ ಎಂದರು. ಉಳಿದಿಬ್ಬರು ಅಷ್ಟರಲ್ಲಿ ರೈಲು ಹತ್ತಿದ್ದರು. ಆ ಹಣ ಬರುವುದಿಲ್ಲ ಎಂದು ಪುಣೆಯವನು ನನ್ನ ಜೊತೆ ನೂರು ರೂಪಾಯಿ ಪಂತ ಕಟ್ಟಿ ಹೋಗಿದ್ದ.

ಪರ್ಕಳದ ಕಡೆ ರಸ್ತೆಯಿಂದ ಇಳಿದು ತೋಟದೊಳಗೆ ಹೆಂಚಿನ ಮನೆ. ಮಳೆ ಆಗಷ್ಟೇ ಹಿಡಿದಿತ್ತು. ಜಗಲಿಯಲ್ಲಿ ಕೂತಿದ್ದರು, ಎದ್ದೇಳದೆ, ಸ್ವಲ್ಪ ಮುಂದಕ್ಕೆ ಬಾಗಿಕೊಂಡೇ, “ಬನ್ನಿ ಮಾರಾಯ್ರೇ” ಎಂದು ನನಗೆ ಎದುರಿನ ಗಟ್ಟಿ ಬೆಂಚು ತೋರಿಸಿದರು. ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟರು. ಒಳಗೆ ಅರೆತೆರೆದ ಬಾಗಿಲಿನಾಚೆ ಒಂದು ಫ್ರಿಜ್ಜು ಕಂಡಿತು. ಅದರ ಬಾಗಿಲಿನಲ್ಲಿ ಮೆಡಿಕಲ್ ಹುಡುಗರು ಅಂಟಿಸಿದ್ದ ತಲೆಬುರುಡೆಯ ಸ್ಟಿಕ್ಕರ್ ಅರ್ಧ ಕಿತ್ತುಹೋಗಿತ್ತು. ಒಳಗಿನ ತಟ್ಟೆಗಳಲ್ಲಿ ಮಡಿಸಿಟ್ಟ ಸೀರೆಗಳು. ಆ ಬಾಗಿಲು ತೆರೆದೇ ಇತ್ತು, ಮುಚ್ಚಿಕೊಳ್ಳುತ್ತಿರಲಿಲ್ಲವೇನೋ.

“ತರ್ತೇನೆ ಆಯ್ತಾ” ಎಂದು ಹಣ ತರಲು ಎದ್ದರು. ಭಾರ ತಪ್ಪಿದ ಕುರ್ಚಿ ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಹಿಂದಕ್ಕೆ ಮಗುಚಿತು. ಸೀಟಿನ ಅಡಿಯ ಮಾರ್ಕರ್ ಬರಹ ಅಷ್ಟು ಮಳೆಗಾಲ ಕಳೆದರೂ ಮಾಸಿರಲಿಲ್ಲ. ಇಬ್ಬರೂ ಅದನ್ನು ನೋಡಿದೆವು. ಅವರು ಕುರ್ಚಿ ಎತ್ತಿ, ಸಡಿಲ ಕಾಲನ್ನು ಗೋಡೆಗೆ ಒತ್ತಿ ನಿಲ್ಲಿಸಿದರು.

“ಅದಕ್ಕೆ ಕೂರುವ ಕ್ರಮ ಉಂಟು” ಎಂದರು.

ಒಳಗಿನಿಂದ ತಂದ ನೋಟುಗಳನ್ನು ಎರಡು ಸಲ ಎಣಿಸಿ ನನ್ನ ಕೈಗಿಟ್ಟರು. ಪೂರ್ತಿ ಇರಲಿಲ್ಲ.

“ಪರದೆಗೆ 600 ಹಿಡಿದಿದ್ದೇನೆ. ಕುರ್ಚಿ ಅಡಿಯಲ್ಲಿ ಬರೆದದ್ದಕ್ಕೆ ಎಂತ ಹಿಡಿಯಲಿಲ್ಲ.”